ಹೇರ್‌ಪಿನ್ನಿನಲ್ಲಿ ಬರೆಗೆ ಗುದ್ದುವ, ಏರಿನಲ್ಲಿ ಹಾರಿ ಬರುವ ಎದುರಾಳಿ ಕಾರು: ಎಲ್ಲಿ ತಿದ್ದಬೇಕು?

ಮಧೂರು_ಗೇರ್

ಆಟ ಕಟ್ಟುವ ತಂತ್ರಾಂಶ ಗೊಡೋ 4ರಲ್ಲಿ ಫೋನಿಗಾಗಿ ರೇಸಿಂಗ್ ಆಟ ಕಟ್ಟುತ್ತಿದ್ದೇನೆ. ದಾರಿ ನಮ್ಮ ಮುಳ್ಳೇರಿಯದಿಂದ ಜಾಲ್ಸೂರಿನ ಕಡೆಗೆ ಹೋಗುವ ರಸ್ತೆಯ ಹಾಗೆ: ಒಂದು ಬದಿ ಮುರಕಲ್ಲಿನ ಬರೆ (ಕಡಿದ ಗುಡ್ಡದ ಗೋಡೆ), ಇನ್ನೊಂದು ಬದಿ ಅಡಿಕೆ ತೋಟಕ್ಕೆ ಇಳಿಜಾರು. ಆಟಕ್ಕೆಂದೇ ನಾಲ್ಕು ಹೇರ್‌ಪಿನ್ ಸೇರಿಸಿದ್ದೇನೆ. ರಸ್ತೆಯ ಅಗಲ 6 ಮೀಟರ್, ಹೇರ್‌ಪಿನ್ನಿನ ನಡುಗೆರೆಯ ತ್ರಿಜ್ಯ 12 ಮೀಟರ್. ಕಾರು ವೆಹಿಕಲ್‌ಬಾಡಿ3ಡಿ, ದಾರಿಯ ಗೆರೆ ಪಾಥ್3ಡಿ.

ಮೂರು ತೊಂದರೆಗಳು. ನೇರ ದಾರಿಯಲ್ಲಿ ಎದುರಾಳಿ ಕಾರು ಹಾವಿನಂತೆ ಹೊರಳುತ್ತದೆ. ಸದ್ಯ 4 ಮೀಟರ್ ಮುಂದಿನ ಬಿಂದುವಿಗೆ ಸ್ಟೇರಿಂಗ್ ತಿರುಗಿಸುತ್ತಿದ್ದೇನೆ. ತಿರುವಿಗೆ 20 ಮೀಟರ್ ಇರುವಾಗ ಬ್ರೇಕ್ ಹಾಕಿಸಿದರೂ ಹೇರ್‌ಪಿನ್ನಿನಲ್ಲಿ ಬರೆಗೆ ಗುದ್ದುತ್ತದೆ, ಕೆಲವೊಮ್ಮೆ ತಿರುವಿನ ನಡುವೆಯೇ ಹಿಂದೆ ತಿರುಗಲು ನೋಡುತ್ತದೆ. ಮೂರನೆಯದು: ಹಿಂದೆ ಬಿದ್ದ ಎದುರಾಳಿಗೆ ಎಂಜಿನ್ ಬಲ 40 ಶೇಕಡಾ ಹೆಚ್ಚಿಸಿದ್ದೇನೆ, ಆಡಿದವರೆಲ್ಲ ಇದು ಮೋಸ ಅನ್ನುತ್ತಾರೆ. ಇದನ್ನೆಲ್ಲ ಬಿಟ್ಟು ಕಾರಿಗೆ ತಾನಾಗಿ ಕಲಿಯುವಂತೆ ತರಬೇತಿ ಕೊಡುವುದು ಒಳ್ಳೆಯದೇ?

ಬದಿಯಡ್ಕ_3ಡಿ

ಮೊದಲು ಹಿಂದೆ ತಿರುಗುವ ಕಾಯಿಲೆ, ಅದು ಉಳಿದರೆ ಬೇರೆ ಯಾವ ಲೆಕ್ಕವೂ ನಿಲ್ಲುವುದಿಲ್ಲ. ಗೆಟ್_ಕ್ಲೋಸೆಸ್ಟ್_ಆಫ್‌ಸೆಟ್ ಇಡೀ ಕರ್ವಿನಲ್ಲಿ (ಪಾಥ್3ಡಿಯ ಒಳಗಿನ ಗೆರೆ) ಹತ್ತಿರದ ಬಿಂದು ಹುಡುಕಿ ಅದರ ಆಫ್‌ಸೆಟ್, ಅಂದರೆ ಗೆರೆಯ ಮೊದಲಿನಿಂದ ಅಲ್ಲಿಗಿರುವ ದೂರ, ಕೊಡುತ್ತದೆ. ಹೇರ್‌ಪಿನ್ನಿನಲ್ಲಿ ಮೇಲಿನ ರಸ್ತೆ, ಕೆಳಗಿನ ರಸ್ತೆ ಪಕ್ಕಪಕ್ಕದಲ್ಲೇ ಇರುವುದರಿಂದ ಕಾರು ದಾರಿ ತಪ್ಪಿ ತೀರ ಒಳಗೆ ಸರಿದರೆ ಉತ್ತರ ಇನ್ನೊಂದು ರಸ್ತೆಗೆ ಜಿಗಿಯಬಹುದು. ಹಿಂದಿನ ಫ್ರೇಮಿನ ಆಫ್‌ಸೆಟ್ ನೆನಪಿಟ್ಟು, ಅದರಿಂದ 5 ಮೀಟರ್ ಹಿಂದೆ, 20 ಮೀಟರ್ ಮುಂದೆ, ಇಷ್ಟರೊಳಗೆ ಮಾತ್ರ ಸ್ಯಾಂಪಲ್_ಬೇಕ್ಡ್‌ನಿಂದ 1 ಮೀಟರಿಗೊಂದು ಬಿಂದು ತೆಗೆದು ಹತ್ತಿರದ್ದನ್ನು ಆರಿಸಿ. ಕಾರಿನ ಸ್ಥಾನವನ್ನು ಮೊದಲು ಪಾಥ್‌ನ ಟು_ಲೋಕಲ್‌ಗೆ ಕೊಟ್ಟು ಬದಲಿಸಿಕೊಳ್ಳಬೇಕು. ಕರ್ವಿಗೆ ಜಾಗತಿಕ ಸ್ಥಾನ ಗೊತ್ತಿಲ್ಲ. ಇನ್ನೊಂದು, ವೆಹಿಕಲ್‌ಬಾಡಿ3ಡಿಯ ಮುಂದಿನ ದಿಕ್ಕು +ಝೆಡ್. ಲುಕ್_ಅಟ್ ಅಭ್ಯಾಸದಲ್ಲಿ −ಝೆಡ್ ಹಿಡಿದು ಕೋನ ಅಳೆದರೆ ಸ್ಟೇರಿಂಗ್ ಪೂರ್ತಿ ಉಲ್ಟಾ.

ಹೊರಳಾಟಕ್ಕೆ ಕಾರಣ ನಿಮ್ಮ 4 ಮೀಟರ್. ಸೆಕೆಂಡಿಗೆ 20 ಮೀಟರ್ ಓಡುವ ಕಾರಿಗೆ ಅದು 0.2 ಸೆಕೆಂಡಿನ ದಾರಿ. ಚಕ್ರ ತಿರುಗಿ ಮುಗಿಯುವ ಮೊದಲೇ ಗುರಿ ದಾಟಿರುತ್ತದೆ. ನೋಟದ ದೂರವನ್ನು 4 + ವೇಗದ ಅರ್ಧ ಎಂದಿಡಿ. ಸೆಕೆಂಡಿಗೆ 10 ಮೀಟರಿನಲ್ಲಿ 9 ಮೀಟರ್, 25ರಲ್ಲಿ 16.5. ಎಲ್ಲ ಕಡೆಗೂ ಒಂದೇ 20 ಮೀಟರ್ ಇಡಲು ಹೋಗಬೇಡಿ. ನಿಮ್ಮ ಹೇರ್‌ಪಿನ್ನಿನಲ್ಲಿ ದಾರಿಯುದ್ದಕ್ಕೆ 20 ಮೀಟರ್ ಮುಂದಿನ ಬಿಂದುವಿಗೆ ನೇರ ಗೆರೆ ಎಳೆದರೆ ಅದು ನಡುಗೆರೆಯಿಂದ ಸುಮಾರು 4 ಮೀಟರ್ ಒಳಗೆ ಹೋಗುತ್ತದೆ, ಅಂದರೆ ರಸ್ತೆಯನ್ನೇ ಬಿಟ್ಟು. 9 ಮೀಟರ್ ಆದರೆ 0.8 ಮಾತ್ರ. ಸ್ಟೇರಿಂಗ್ ಕೋನ = ಅಟಾನ್(2 × ಚಕ್ರಾಂತರ × ಸೈನ್(ಗುರಿಯ ಕೋನ) ÷ ನೋಟದ ದೂರ). ಚಕ್ರಾಂತರ ಎಂದರೆ ಮುಂದಿನ, ಹಿಂದಿನ ಚಕ್ರಗಳ ನಡುವಿನ ದೂರ; ಗುರಿಯ ಕೋನ ಎಂದರೆ ಕಾರಿನ ಮುಂದಿನ ದಿಕ್ಕಿಗೂ ಗುರಿ ಬಿಂದುವಿಗೂ ನಡುವಿನ ಕೋನ.

ಈಗ ಬ್ರೇಕ್. "ತಿರುವಿಗೆ ಇಷ್ಟು ಮೀಟರ್ ಮೊದಲು" ಎಂಬ ನಿಯಮವನ್ನೇ ಕಿತ್ತುಹಾಕಿ. ಮೊದಲು ನಿಮ್ಮ ಕಾರಿನ ನಿಜವಾದ ಹಿಡಿತ ಅಳೆಯಿರಿ. ವೀಲ್_ಫ್ರಿಕ್ಷನ್_ಸ್ಲಿಪ್‌ನ ಅಂಕಿ ನೇರವಾಗಿ ಮ್ಯೂ (ಟೈರಿನ ಹಿಡಿತದ ಗುಣಾಂಕ) ಅಲ್ಲ. ಸಮತಟ್ಟಿನಲ್ಲಿ 20 ಮೀಟರ್ ತ್ರಿಜ್ಯದ ಸುತ್ತು ಹಾಕಿಸಿ ನಿಧಾನಕ್ಕೆ ವೇಗ ಏರಿಸಿ. ಸೆಕೆಂಡಿಗೆ 13 ಮೀಟರಿನಲ್ಲಿ ಜಾರತೊಡಗಿದರೆ 13 × 13 ÷ (9.8 × 20), ಮ್ಯೂ 0.86. ಹಾಗೆಯೇ ಸೆಕೆಂಡಿಗೆ 25 ಮೀಟರಿನಿಂದ ನಿಲ್ಲಲು 52 ಮೀಟರ್ ಬೇಕಾದರೆ ಬ್ರೇಕ್ 6 ಮೀ/ಸೆ².

ಆಮೇಲೆ 5 ಮೀಟರಿಗೊಂದರಂತೆ ಮೂರು ಮೂರು ಬಿಂದುಗಳಿಂದ ತ್ರಿಜ್ಯ ಕಂಡುಹಿಡಿದು ಪ್ರತಿ ಬಿಂದುವಿಗೂ √(ಮ್ಯೂ × 9.8 × ತ್ರಿಜ್ಯ) ಬರೆದಿಡಿ. 12 ಮೀಟರಿಗೆ ಸೆಕೆಂಡಿಗೆ 10 ಮೀಟರ್, ಗಂಟೆಗೆ 36 ಕಿ.ಮೀ. ಕೊನೆಯ ಬಿಂದುವಿನಿಂದ ಹಿಂದಕ್ಕೆ ನಡೆಯುತ್ತ, ಪ್ರತಿ ಬಿಂದುವಿನ ವೇಗ √(ಮುಂದಿನ ವೇಗದ ವರ್ಗ + 2 × ಬ್ರೇಕ್ × ಅಂತರ) ಮೀರದಂತೆ ಇಳಿಸಿ. ಆಟ ತೆರೆಯುವಾಗ ಒಂದು ಸಲ ಮಾಡಿದರೆ ಸಾಕು, ಓಡುವಾಗ ಫೋನಿಗೆ ಭಾರವಿಲ್ಲ. 25ರಿಂದ 10ಕ್ಕೆ ಇಳಿಯಲು ಸುಮಾರು 44 ಮೀಟರ್ ಬೇಕು. ನೀವು ಕೊಟ್ಟ 20 ಮೀಟರಿನಲ್ಲಿ ಕಾರು ತಿರುವಿಗೆ ಬರುವಾಗ ಇನ್ನೂ ಗಂಟೆಗೆ 70 ಕಿ.ಮೀ. ಇರುತ್ತದೆ. ಬರೆ ಬಿಟ್ಟು ಬೇರೆಲ್ಲಿಗೆ ಹೋಗಬೇಕು ಅದು?

ಪೆರ್ಲ_ಇಳಿಜಾರು

ಬದಿಯಡ್ಕದವರ ಲೆಕ್ಕ ಸಮತಟ್ಟಿಗೆ ಸರಿ, ಆದರೆ ಇದು ಘಟ್ಟದ ದಾರಿ. 8 ಶೇಕಡಾ ಇಳಿತದಲ್ಲಿ ಬ್ರೇಕಿನಿಂದ 0.78 ಕಳೆಯಬೇಕು, 44 ಇದ್ದದ್ದು 50 ಮೀಟರ್ ಆಗುತ್ತದೆ. ಏರಿನಲ್ಲಿ ಅಷ್ಟೇ ಸೇರಿಸಿ. ಬಿಂದುಗಳ ಎತ್ತರ ಕರ್ವಿನಲ್ಲೇ ಇದೆ, ಎರಡು ಸಾಲು ಹೆಚ್ಚು ಬರೆದರೆ ಮುಗಿಯಿತು. ಆಟಿ ತಿಂಗಳ ಜೋರು ಮಳೆಯ ಹಂತ ಇಡುವುದಾದರೆ ಅದಕ್ಕೆ ಬೇರೆ ಪಟ್ಟಿ ಮಾಡಿ. ಮ್ಯೂ 0.55 ಆದರೆ ತಿರುವಿನ ವೇಗ ಐದರಲ್ಲಿ ಒಂದು ಪಾಲು ಇಳಿಯುತ್ತದೆ, ಬ್ರೇಕಿನ ಬಲವನ್ನು ಮ್ಯೂ ಇಳಿದ ಪ್ರಮಾಣದಲ್ಲಿ, ಅಂದರೆ ಮೂರರಲ್ಲಿ ಒಂದು ಪಾಲಿಗಿಂತ ತುಸು ಹೆಚ್ಚು, ತಗ್ಗಿಸಬೇಕು. ಇಳಿತದಲ್ಲಿ ಒಣ ರಸ್ತೆಯ ವೇಗಗಳನ್ನೇ 0.8ರಿಂದ ಗುಣಿಸಿದರೆ ಸಾಲದು, ಇಳಿತದ ಆ 0.78 ಮಳೆಯಲ್ಲೂ ಅಷ್ಟೇ ಇರುವುದರಿಂದ ಬ್ರೇಕ್ ಹಾಕುವ ಜಾಗ ಇನ್ನೂ ಹಿಂದೆ ಸರಿಯಬೇಕು.

ಮೋಸದ ದೂರು ನ್ಯಾಯವಾದದ್ದೇ. ಹಿಂದೆ ಬಿದ್ದ ಕಾರನ್ನು ಹೀಗೆ ಎಳೆದು ತರುವ ರಬ್ಬರ್ ಬ್ಯಾಂಡ್ ಉಪಾಯ ಹೊಸದಲ್ಲ, 1992ರ ಸೂಪರ್ ಮಾರಿಯೋ ಕಾರ್ಟ್ ಕಾಲದಿಂದ ಇದೆ. ಆದರೆ ಎಂಜಿನ್ ಬಲ ಏರಿಸುವುದು ಅತಿ ಕೆಟ್ಟ ದಾರಿ, ಏಕೆಂದರೆ ಅದು ನೇರ ಏರಿನಲ್ಲಿ, ಆಟಗಾರನ ಕಣ್ಣೆದುರಿಗೇ ಕಾಣುತ್ತದೆ. ಎಂಜಿನ್ ಎಲ್ಲರಿಗೂ ಒಂದೇ ಇರಲಿ. ಬದಲಿಗೆ ಹಿಡಿತದಲ್ಲಿ ಎಷ್ಟು ಪಾಲು ಬಳಸಬೇಕು ಎಂಬ ಒಂದು ಅಂಕಿ ಇಡಿ, 0.80ರಿಂದ 0.95ರವರೆಗೆ. ವೇಗದ ಪಟ್ಟಿಯನ್ನು ಅದರ ವರ್ಗಮೂಲದಿಂದ ಗುಣಿಸಿದರೆ ಆಯಿತು. 0.80 ಇದ್ದ ಕಾರು ಬೇಗ ಬ್ರೇಕ್ ಹಾಕಿ ತಿರುವನ್ನು ಜಾಗ್ರತೆಯಿಂದ ದಾಟುತ್ತದೆ; ನೋಡುವವರಿಗೆ ಅಳುಕಿನ ಚಾಲಕನಂತೆ ಕಾಣುತ್ತದೆ. 1.0 ಮುಟ್ಟಿಸಬೇಡಿ, ಸಣ್ಣ ಉಬ್ಬು ಸಿಕ್ಕರೂ ಜಾರುತ್ತದೆ.

ಅಂತರವನ್ನು ಮೀಟರಿನಲ್ಲಲ್ಲ, ಸೆಕೆಂಡಿನಲ್ಲಿ ಅಳೆಯಿರಿ. 30 ಮೀಟರ್ ಎಂದರೆ ಹೇರ್‌ಪಿನ್ನಿನಲ್ಲಿ 3 ಸೆಕೆಂಡ್, ನೇರ ದಾರಿಯಲ್ಲಿ 1.2. ಮೀಟರ್ ನೋಡುವ ಆಟದಲ್ಲಿ ಪ್ರತಿ ತಿರುವಿಗೂ ಎದುರಾಳಿಯ ಬುದ್ಧಿ ಬದಲಾಗುತ್ತಿರುತ್ತದೆ. ಅಂತರ 2 ಸೆಕೆಂಡಿನ ಒಳಗಿದ್ದರೆ ಏನನ್ನೂ ಮುಟ್ಟಬೇಡಿ, ಅದರಾಚೆ ಹಿಡಿತದ ಆ ಅಂಕಿಯನ್ನು ಸೆಕೆಂಡಿಗೆ 0.01ಕ್ಕಿಂತ ಹೆಚ್ಚು ಬದಲಿಸಬೇಡಿ, ಕೊನೆಯ 500 ಮೀಟರಿನಲ್ಲಿ ಅಂಕಿಯನ್ನು ಹಾಗೇ ನಿಲ್ಲಿಸಿ. ಸೂಪರ್‌ಟಕ್ಸ್‌ಕಾರ್ಟ್ ಎಂಬ ರೇಸಿಂಗ್ ಆಟ ಮುಕ್ತ ತಂತ್ರಾಂಶ. ಆಟಗಾರನಿಂದಿರುವ ದೂರಕ್ಕೆ ತಕ್ಕಂತೆ ಎದುರಾಳಿಯ ವೇಗಕ್ಕೆ ಮಿತಿ ಹಾಕುವುದನ್ನು ಅದರ ಕೋಡಿನಲ್ಲೇ ಓದಬಹುದು.

ತರಬೇತಿಯ ಪ್ರಶ್ನೆಗೆ: ಗ್ರಾನ್ ಟುರಿಸ್ಮೋ ಆಟದಲ್ಲಿ ತಾನಾಗಿ ಓಡಿಸಲು ಕಲಿತ ಸೋನಿಯ ತಂತ್ರಾಂಶ ಗ್ರಾನ್ ಟುರಿಸ್ಮೋ ಸೋಫಿ 2021ರಲ್ಲಿ ಆ ಆಟದಲ್ಲಿ ಪಳಗಿದ ಚಾಲಕರನ್ನೇ ಮೀರಿಸಿತು, ನಿಜ. ಅದರ ಕಲಿಕೆ ನಡೆದದ್ದು ಒಂದೇ ಹೊತ್ತಿಗೆ ಓಡುವ ಬಹಳಷ್ಟು ಪ್ಲೇಸ್ಟೇಷನ್ 4ಗಳಲ್ಲಿ. ನೀವು ಒಂದು ತಿರುವಿನ ತ್ರಿಜ್ಯ ಬದಲಿಸಿದರೆ ಮತ್ತೆ ಕಲಿಸುತ್ತ ಕೂರಬೇಕು. ವೇಗದ ಪಟ್ಟಿಯಾದರೆ ಮರುಕ್ಷಣ ಹೊಸದಾಗುತ್ತದೆ.

ಮಧೂರು_ಗೇರ್

ಇಬ್ಬರಿಗೂ ತುಂಬ ಉಪಕಾರ. ಹುಡುಕಾಟದ ಮಿತಿ, ವೇಗದ ಪಟ್ಟಿ, ಇಳಿತದ ತಿದ್ದುಪಡಿ ಹಾಕಿದ ಮೇಲೆ ನಾಲ್ಕೂ ಹೇರ್‌ಪಿನ್ ಗುದ್ದದೆ ದಾಟುತ್ತಿವೆ. ಈಗ ಉಳಿದದ್ದು ಒಂದೇ: ಮುಂದಿನ ಕಾರನ್ನು ಹಿಂದಿಕ್ಕಲು ಹೊರಟ ಎದುರಾಳಿ ಕಾರು ಎಡಕ್ಕೂ ಬಲಕ್ಕೂ ತಡಕಾಡಿ ಅದರ ಬಾಲಕ್ಕೇ ಅಂಟುತ್ತದೆ.

ಪೆರ್ಲ_ಇಳಿಜಾರು

ಪ್ರತಿ ಫ್ರೇಮಿಗೂ ಹೊಸ ನಿರ್ಧಾರ ಮಾಡಿಸುತ್ತಿದ್ದೀರಿ ಅಣ್ಣ. ಬದಿ ಆರಿಸಿದ ಮೇಲೆ 2 ಸೆಕೆಂಡ್ ಬದಲಿಸಲು ಬಿಡಬೇಡಿ. ಗುರಿ ಬಿಂದುವನ್ನು ನಡುಗೆರೆಯಿಂದ 1.5 ಮೀಟರ್ ಪಕ್ಕಕ್ಕೆ, ಸೆಕೆಂಡಿಗೆ 1.5 ಮೀಟರಿನಂತೆ ಮೆಲ್ಲಗೆ ಸರಿಸಿ, ಮುಂದಿನ ಕಾರನ್ನು ಎದುರು ಬದಿಗೆ ಅಷ್ಟೇ ಸರಿಸಿ. 1.7 ಮೀಟರ್ ಅಗಲದ ಎರಡು ಕಾರಿಗೆ 6 ಮೀಟರ್ ರಸ್ತೆಯಲ್ಲಿ ಆಗ ನಡುವೆ 1.3 ಮೀಟರ್ ಉಳಿಯುತ್ತದೆ. ಮುಂದಿನ 80 ಮೀಟರಿನಲ್ಲಿ ಎಲ್ಲೂ 60ಕ್ಕಿಂತ ಕಡಿಮೆ ತ್ರಿಜ್ಯ ಇಲ್ಲದಿದ್ದರೆ ಮಾತ್ರ ಹೊರಡಲಿ. ಇಲ್ಲವಾದರೆ ಮುಂದಿನ ಕಾರಿನ ವೇಗಕ್ಕೆ ಇಳಿದು 0.8 ಸೆಕೆಂಡ್ ಹಿಂದೆ ಕಾಯಲಿ.

ಬದಿಯಡ್ಕ_3ಡಿ

ಅಷ್ಟಾದರೂ ಎಲ್ಲೋ ಒಮ್ಮೆ ಸಿಕ್ಕಿಬೀಳುತ್ತದೆ. 3 ಸೆಕೆಂಡ್ ಕಾಲ ವೇಗ ಸೆಕೆಂಡಿಗೆ 1 ಮೀಟರಿಗಿಂತ ಕಡಿಮೆಯಿದ್ದರೆ ಸ್ಟೇರಿಂಗ್ ಉಲ್ಟಾ ಮಾಡಿ ಒಂದೂವರೆ ಸೆಕೆಂಡ್ ರಿವರ್ಸ್ ಕೊಡಿ. ಎರಡು ಸಲವೂ ಬಿಡಿಸಿಕೊಳ್ಳದಿದ್ದರೆ ನಡುಗೆರೆಗೆ ಎತ್ತಿಡಿ, ಆದರೆ ಆಟಗಾರನ ಕ್ಯಾಮೆರಾದಲ್ಲಿ ಆ ಕಾರು ಕಾಣದಿರುವಾಗ ಮಾತ್ರ. ಎತ್ತಿಟ್ಟಾಗ ನೆನಪಿಟ್ಟ ಆಫ್‌ಸೆಟ್ಟನ್ನೂ ಹೊಸ ಜಾಗಕ್ಕೆ ಬದಲಿಸಿ, ಇಲ್ಲದಿದ್ದರೆ ಹುಡುಕಾಟ ಹಳೆಯ ಜಾಗದ ಸುತ್ತವೇ ಉಳಿದು ಕಾರು ಹಿಮ್ಮುಖ ತಿರುಗುತ್ತದೆ.