ಪಾರ್ಸಲಲ್ಲಿ ಬಂದ ಹಳೇ ಆಂಪ್ಲಿಫೈಯರ್ ಒಳಗೆ ಏನೋ ಜರುಗ್ತಿದೆ, ಆನ್ ಮಾಡಬಹುದಾ?

ಮಂಡಿಪೇಟೆ_ಕೇಳುಗ (ದಾವಣಗೆರೆ)
ನಮಸ್ಕಾರ ಎಲ್ಲರಿಗೂ. ಆನ್‌ಲೈನಲ್ಲಿ ಸೆಕೆಂಡ್ ಹ್ಯಾಂಡ್ ಸ್ಟೀರಿಯೊ ಆಂಪ್ಲಿಫೈಯರ್ ತಗೊಂಡಿದ್ದೆ. ತೂಕ 14 ಕೆ.ಜಿ. ಮಾರಿದವರು ಮುಂಬೈನಿಂದ ಟ್ರಾನ್ಸ್‌ಪೋರ್ಟಿಗೆ ಹಾಕಿದ್ರು, ಪಿ.ಬಿ. ರಸ್ತೆ ಗೋಡೌನಿಂದ ಇವತ್ತು ಬಿಡಿಸ್ಕೊಂಡು ಬಂದೆ. ಬಾಕ್ಸಿನ ಒಂದು ಮೂಲೆ ಜಜ್ಜಿದೆ, ಸೆಟ್ಟಿನ ಮೇಲಿನ ಕವರ್ ತಗ್ಗಾಗಿದೆ, ವಾಲ್ಯೂಮ್ ನಾಬ್ ಒಳಕ್ಕೆ ಹೋಗಿ ಕೂತಿದೆ. ಓರೆ ಮಾಡಿದ್ರೆ ಒಳಗೆ ಭಾರದ್ದೊಂದು ಜರುಗಿದ ಸದ್ದು ಬರುತ್ತೆ. ಒಮ್ಮೆ ಆನ್ ಮಾಡಿ ನೋಡಬಹುದಾ? ಸೆಟ್ಟಿಗೆ 22,000, ಬಾಡಿಗೆ 900 ಕೊಟ್ಟಿದ್ದೀನಿ. ದುಡ್ಡು ಯಾರ ಹತ್ರ ಕೇಳ್ಬೇಕು?

ಬೆಸುಗೆ (ಚಿತ್ರದುರ್ಗ)
ಪ್ಲಗ್ ಹಾಕಲೇಬೇಡ್ರಿ ಸರ್. ಜರುಗ್ತಿರೋದು ಹೆಚ್ಚಾಗಿ ಟ್ರಾನ್ಸ್‌ಫಾರ್ಮರ್ರೇ. ಇಂಥ ಸೆಟ್ಟಲ್ಲಿ ತೂಕದ ದೊಡ್ಡ ಪಾಲು ಅದೊಂದರಲ್ಲೇ ಇರುತ್ತೆ. ಬಾಕ್ಸ್ ಮೂಲೆ ಮೇಲೆ ಬಿದ್ದಾಗ ಚಾಸಿ (ಸೆಟ್ಟಿನ ತಗಡಿನ ಚೌಕಟ್ಟು) ನಿಲ್ಲುತ್ತೆ, ಟ್ರಾನ್ಸ್‌ಫಾರ್ಮರ್ ನಿಲ್ಲಲ್ಲ. ಸ್ಕ್ರೂ ಕಿತ್ಕೊಂಡು ಪಕ್ಕದ ಬೋರ್ಡಿಗೆ, ಕೆಪ್ಯಾಸಿಟರಿಗೆ ಗುದ್ದುತ್ತೆ.

ಮೊದಲು ಎಲ್ಲಾ ಕಡೆಯಿಂದ ಫೋಟೋ. ಆಮೇಲೆ ಕವರ್ ಬಿಚ್ರಿ, ಅದನ್ನೂ ವಿಡಿಯೋ ಮಾಡ್ರಿ. ಕಳಿಸೋ ಮುಂಚೆ ಯಾರೋ ಆನ್ ಮಾಡಿದ್ದಿರಬಹುದು, ಹಾಗಾಗಿ ದೊಡ್ಡ ಫಿಲ್ಟರ್ ಕೆಪ್ಯಾಸಿಟರಲ್ಲಿ ಚಾರ್ಜ್ ಇದೆಯಾ ಅಂತ ಮೀಟರ್ ಹಿಡಿದು ನೋಡ್ರಿ. ಇದ್ರೆ 1 ಕಿಲೋಓಮ್, 5 ವ್ಯಾಟ್ ರೆಸಿಸ್ಟರನ್ನ ಎರಡೂ ತುದಿಗೆ ಒಂದು ನಿಮಿಷ ಹಿಡೀರಿ. ಸ್ಕ್ರೂಡ್ರೈವರಲ್ಲಿ ಶಾರ್ಟ್ ಮಾಡೋ ಅಭ್ಯಾಸ ಬೇಡ, ಬೋರ್ಡಿನ ತಾಮ್ರದ ಟ್ರ್ಯಾಕೇ ಸುಟ್ಟು ಹೋಗುತ್ತೆ.

ನಾಬ್ ಒಳಗೆ ಹೋಗಿದೆ ಅಂದ್ರೆ ಏಟು ಶಾಫ್ಟ್ ಮೂಲಕ ವಾಲ್ಯೂಮ್ ಕಂಟ್ರೋಲಿನ ಬೋರ್ಡಿಗೆ ತಾಗಿದೆ. ಅದರ ಕಾಲುಗಳ ಸುತ್ತ ಬೆಸುಗೆಯಲ್ಲಿ ಉಂಗುರದ ಹಾಗೆ ಸಣ್ಣ ಬಿರುಕು ಕಾಣುತ್ತಾ ಅಂತ ಭೂತಗನ್ನಡಿಯಲ್ಲಿ ನೋಡ್ರಿ. ಹೀಟ್‌ಸಿಂಕ್ (ಬಿಸಿ ಹೊರಹಾಕೋ ಲೋಹದ ತುಂಡು) ಪಕ್ಕದ ಬೋರ್ಡ್ ಮೂಲೆಗಳನ್ನೂ ಬಿಡಬೇಡ್ರಿ.

ಹಿಂದುಗಡೆ ವೋಲ್ಟೇಜ್ ಎಷ್ಟು ಬರೆದಿದೆ? ಜಪಾನ್ ಒಳಗಿನ ಮಾರುಕಟ್ಟೆಯ ಸೆಟ್ಟುಗಳು 100 ವೋಲ್ಟಿನವು. ನಮ್ಮ 230ಕ್ಕೆ ನೇರ ಹಾಕಿದ್ರೆ ಮುಗೀತು.

ಎಲ್‌ಆರ್_ಕಾಪಿ (ದಾವಣಗೆರೆ)
ದುಡ್ಡಿನ ವಿಷಯ. ಗೋಡೌನಲ್ಲಿ ಸಹಿ ಹಾಕುವಾಗ ಡೆಲಿವರಿ ಕಾಪಿ ಮೇಲೆ "ಬಾಕ್ಸ್ ಜಖಂ, ಒಳಗೆ ಸದ್ದು" ಅಂತ ಬರೆಸಬೇಕಿತ್ತು. ಬರೆಸಿಲ್ಲ ಅಂದ್ರೆ ಇವತ್ತೇ ಅವರ ಆಫೀಸಿಗೆ ಫೋಟೋ ಸಮೇತ ಇಮೇಲ್ ಹಾಕ್ರಿ, ಒಂದು ಪತ್ರವನ್ನೂ ಕೊಟ್ಟು ಸೀಲ್ ಹಾಕಿಸ್ಕೊಳ್ರಿ. ರಸ್ತೆ ಸಾಗಣೆಗೆ 2007ರ ಕಾಯ್ದೆ ಇದೆ, ಕೊರಿಯರ್‌ಗಳೂ ಅದರ ವ್ಯಾಪ್ತಿಯಲ್ಲೇ ಬರ್ತಾವೆ. ಕೋರ್ಟಿಗೆ ಹೋಗೋ ಮುಂಚೆ ಲಿಖಿತ ನೋಟಿಸ್ ಕೊಟ್ಟಿರಲೇಬೇಕು, ಅದೂ ಬುಕಿಂಗ್ ಆದ ದಿನದಿಂದ 180 ದಿನದೊಳಗೆ. ಸಾಮಾನು ಕೈಗೆ ಬಂದ ದಿನದಿಂದ ಅಲ್ಲ.

ಇನ್ನೊಂದು, ಕಳಿಸಿದವರು ಹೆಚ್ಚಿನ ರಿಸ್ಕ್ ದರ (ಜಖಂ ಆದ್ರೆ ಹೆಚ್ಚು ಜವಾಬ್ದಾರಿ ಹೊರೋಕೆ ಕೊಡೋ ಹೆಚ್ಚುವರಿ ಹಣ) ಕಟ್ಟಿರದಿದ್ರೆ ಪರಿಹಾರಕ್ಕೆ ಬಾಡಿಗೆಯ ಹತ್ತು ಪಟ್ಟಿನ ಮಿತಿ ಇದೆ. ನಿಮ್ಮ ಲೆಕ್ಕದಲ್ಲಿ 9,000. ಉಳಿದದ್ದನ್ನ ಮಾರಿದವರ ಹತ್ರವೇ ಮಾತಾಡಬೇಕು, ಅಲ್ಲಿ ಪ್ಯಾಕಿಂಗೇ ನಿಮ್ಮ ಸಾಕ್ಷಿ. ಬಾಕ್ಸ್, ಟೇಪ್, ಥರ್ಮಾಕೋಲ್ ಒಂದನ್ನೂ ಬಿಸಾಡಬೇಡ್ರಿ. ಕ್ಲೇಮ್ ತೀರ್ಮಾನ ಆಗೋವರೆಗೂ ರಿಪೇರಿಗೆ ಕೈ ಹಾಕಬೇಡ್ರಿ; ಬಿಚ್ಚಿ ನೋಡೋದು ಬೇರೆ, ಬೆಸುಗೆ ಹಾಕೋದು ಬೇರೆ.

ಮಂಡಿಪೇಟೆ_ಕೇಳುಗ
ಕವರ್ ಬಿಚ್ಚಿದೆ. ಉರುಟು ಟ್ರಾನ್ಸ್‌ಫಾರ್ಮರ್, ನಡುವೆ ಒಂದೇ ಬೋಲ್ಟ್, ಸಡಿಲ ಆಗಿ ಒಂದು ಕಡೆ ವಾಲಿದೆ. ಕವರಿನ ತಗ್ಗು ಸರಿಯಾಗಿ ಆ ಬೋಲ್ಟಿನ ಮೇಲೇ ಇದೆ, ಬಣ್ಣ ಕೆರೆದು ತಗಡು ಹೊಳೀತಿದೆ. ಹಿಂದೆ 230 ವೋಲ್ಟ್ ಅಂತಲೇ ಇದೆ.

ಬೆಸುಗೆ
ಆನ್ ಮಾಡದೇ ಇದ್ದದ್ದು ಬಹಳ ಒಳ್ಳೇದಾಯ್ತು. ಟೊರಾಯ್ಡ್ (ಇಂಥ ಉರುಟು ಟ್ರಾನ್ಸ್‌ಫಾರ್ಮರ್) ನಡುವಿನ ಬೋಲ್ಟ್ ಕೆಳಗೆ ಚಾಸಿಗೂ ಮೇಲೆ ಕವರಿಗೂ ಒಟ್ಟಿಗೆ ತಾಗಿದ್ರೆ ಲೋಹದ ಒಂದು ಪೂರ್ತಿ ಸುತ್ತು ಆಗುತ್ತೆ, ಶಾರ್ಟ್ ಆದ ವೈಂಡಿಂಗ್ ಇದ್ದ ಹಾಗೆ. ಭಾರಿ ಕರೆಂಟ್ ಹರಿದು ಫ್ಯೂಸ್ ಹೋಗುತ್ತೆ, ಇಲ್ಲಾಂದ್ರೆ ಟ್ರಾನ್ಸ್‌ಫಾರ್ಮರ್ರೇ ಸುಡುತ್ತೆ.

ಕ್ಲೇಮ್ ಮುಗಿದ ಮೇಲೆ ಕವರ್ ತಟ್ಟಿ ನೇರ ಮಾಡ್ರಿ. ಬೋಲ್ಟ್ ತುದಿಗೂ ಕವರಿಗೂ ಕನಿಷ್ಠ 5 ಮಿ.ಮೀ. ಜಾಗ ಇರಲಿ. ಕೆಳಗೆ, ಮೇಲೆ ರಬ್ಬರ್ ಪ್ಯಾಡ್ ಹೊಸದು ಹಾಕಿ, ಟ್ರಾನ್ಸ್‌ಫಾರ್ಮರ್ ತಿರುಗದಷ್ಟು ಮಾತ್ರ ಬಿಗೀರಿ. ಜಾಸ್ತಿ ಬಿಗಿದ್ರೆ ತಂತಿಯ ಇನ್ಸುಲೇಶನ್ ಒಡೆಯುತ್ತೆ. ಆಮೇಲೆ ಎಲೆಕ್ಟ್ರಿಷಿಯನ್ ಹತ್ರ 500 ವೋಲ್ಟ್ ಮೆಗ್ಗರ್ (ಇನ್ಸುಲೇಶನ್ ಅಳೆಯೋ ಮೀಟರ್) ಇದ್ರೆ ಪವರ್ ಸ್ವಿಚ್ ಒತ್ತಿಟ್ಟು ಮೇನ್ಸ್ ಪಿನ್ನಿಗೂ ಚಾಸಿಗೂ ನಡುವೆ ನೋಡಿಸ್ರಿ. 2 ಮೆಗಾಓಮ್‌ಗಿಂತ ಕಡಿಮೆ ತೋರಿಸಿದ್ರೆ ಕರೆಂಟ್ ಕೊಡಬೇಡ್ರಿ.

ಮೊದಲ ಸಲ ಸೀರೀಸ್ ಬೋರ್ಡಲ್ಲೇ (ಸೆಟ್ಟಿಗೆ ಕರೆಂಟ್ ಬಲ್ಬೊಂದನ್ನ ದಾಟಿಯೇ ಬರೋ ಬೋರ್ಡ್) ಹಾಕ್ರಿ. 100 ವ್ಯಾಟಿನ ಹಳೇ ಫಿಲಮೆಂಟ್ ಬಲ್ಬ್ ಬೇಕು, ಎಲ್‌ಇಡಿ ನಡೆಯಲ್ಲ. ಸ್ಪೀಕರ್ ಜೋಡಿಸಬೇಡ್ರಿ, ವಾಲ್ಯೂಮ್ ಸೊನ್ನೆ. ಬಲ್ಬ್ ಒಂದು ಕ್ಷಣ ಹೊಳೆದು ಮಂಕಾದ್ರೆ ಸರಿ. ಜೋರಾಗಿ ಉರೀತಾನೇ ಇದ್ರೆ ಒಳಗೆ ಶಾರ್ಟ್ ಇದೆ, ತಕ್ಷಣ ತೆಗೀರಿ. ಬಲ್ಬ್ ಇದ್ದಾಗ ವೋಲ್ಟೇಜ್ ಕಡಿಮೆ ಸಿಗೋದ್ರಿಂದ ರಿಲೇ (ಸ್ಪೀಕರನ್ನ ಜೋಡಿಸೋ ಒಳಗಿನ ಸ್ವಿಚ್) ಟಿಕ್ ಅನ್ನದೇ ಇರಬಹುದು, ಅದಕ್ಕೆ ಗಾಬರಿ ಬೇಡ.

ಆಮೇಲೆ ನೇರ ಮೇನ್ಸಿಗೆ ಹಾಕಿ, ರಿಲೇ ಕೂತ ಮೇಲೆ ಸ್ಪೀಕರ್ ಟರ್ಮಿನಲಲ್ಲಿ ಡಿಸಿ ವೋಲ್ಟೇಜ್ ಅಳೀರಿ. 50 ಮಿಲಿವೋಲ್ಟ್ ಒಳಗಿದ್ರೆ ಸ್ಪೀಕರ್ ಹಾಕಬಹುದು. ರಿಲೇ ಕೂರದೇ ಸೊನ್ನೆ ತೋರಿಸಿದ್ರೆ ಅದನ್ನ ನಂಬಬೇಡ್ರಿ.

ಎಲ್‌ಆರ್_ಕಾಪಿ
ವಾಪಸ್ ಕಳಿಸೋದಾದ್ರೆ ಬಬಲ್ ಶೀಟ್ ಒಂದೇ ಸಾಲಲ್ಲ, 14 ಕೆ.ಜಿ.ಗೆ ಚಪ್ಪಟೆ ಆಗುತ್ತೆ. ಟ್ರಾನ್ಸ್‌ಫಾರ್ಮರ್ ಕೆಳಗೂ ಸುತ್ತಲೂ ಗಟ್ಟಿ ಫೋಮ್ ತುರುಕಿ, ಸೆಟ್ಟನ್ನ ಒಂದು ಬಾಕ್ಸಲ್ಲಿಟ್ಟು, ಅದನ್ನ 7 ಪ್ಲೈ (ಏಳು ಪದರದ ರಟ್ಟಿನ) ಬಾಕ್ಸೊಳಗೆ ಎಲ್ಲಾ ಬದಿಗೂ 5 ಸೆಂ.ಮೀ. ಫೋಮ್ ಕೊಟ್ಟು ಕೂರಿಸ್ರಿ. ಬುಕಿಂಗಲ್ಲಿ ಬೆಲೆ 22,000 ಅಂತ ಬರೆಸಿ, ರಿಸ್ಕ್ ದರ ಕಟ್ಟಿದ ರಸೀದಿ ಕೇಳಿ ಇಸ್ಕೊಳ್ರಿ.