ಮಂಡಕ್ಕಿ ರೇಟಿನ ಮಾತು ರಾಜಕೀಯವಾ? ಅಡ್ಮಿನ್ ಆಗಿ ನಾನು ತಪ್ಪು ಮಾಡಿದೆನಾ?

ನಿಟುವಳ್ಳಿ ಟೈಲರ್ (ದಾವಣಗೆರೆ):

ಎಲ್ಲರಿಗೂ ನಮಸ್ಕಾರ. ನಾನು ಮನೆಯಲ್ಲೇ ಬ್ಲೌಸ್ ಹೊಲಿಯುವವಳು. ನಮ್ಮ ಕ್ರಾಸಿನ ವಾಟ್ಸಾಪ್ ಗ್ರೂಪಿಗೆ ಅಡ್ಮಿನ್ ಕೂಡ ನಾನೇ. ಬೇರೆ ಯಾರೂ ಒಪ್ಪಲಿಲ್ಲ. ‘ನೀನು ಹೇಗೂ ದಿನವೆಲ್ಲಾ ಮನೆಯಲ್ಲೇ ಇರ್ತೀಯಲ್ಲಮ್ಮ’ ಅಂತ ನನ್ನ ತಲೆಗೆ ಕಟ್ಟಿದರು. 2020ರ ಲಾಕ್‌ಡೌನ್‌ನಲ್ಲಿ ಶುರುವಾದ ಗ್ರೂಪು. ತರಕಾರಿ ಗಾಡಿ ಬಂತು, ನಲ್ಲಿ ನೀರು ಬಂತು, ಯಾರದೋ ಸಂಪು ತುಂಬಿ ರಸ್ತೆಗೆ ಹರೀತಿದೆ, ಇಂಥವೇ ಮೆಸೇಜು.

2023ರ ಅಸೆಂಬ್ಲಿ ಎಲೆಕ್ಷನ್ ಹೊತ್ತಿಗೆ ಒಂದು ರಾತ್ರಿ ದೊಡ್ಡ ಜಗಳ ಆಯಿತು. ಮಾರನೇ ದಿನ ನಾನು ಬರೆದು ಹಾಕಿದೆ: ‘ಇಲ್ಲಿ ರಾಜಕೀಯ ಬೇಡ.’ ಎಲ್ಲರೂ ಹೆಬ್ಬೆಟ್ಟು ಒತ್ತಿದರು. ಆಮೇಲೆ ಸುಮಾರು ದಿನ ಶಾಂತಿ ಇತ್ತು.

ನಮ್ಮಲ್ಲಿ ಮಿಲ್ ಅಜ್ಜ ಅಂತ ಇದ್ದಾರೆ. ಹತ್ತಿ ಮಿಲ್ಲಿನಲ್ಲಿ ದುಡಿದವರು. ಮಿಲ್ಲು ಮುಚ್ಚಿದ ಮೇಲೆ ಕಿರಾಣಿ ಅಂಗಡಿಯಲ್ಲಿ ಲೆಕ್ಕ ಬರೆದು ಮಕ್ಕಳನ್ನು ಓದಿಸಿದರು. ಕಾಮ್ರೇಡ್ ಪಂಪಾಪತಿ ಸಿಪಿಐನಿಂದ ಗೆದ್ದು ವಿಧಾನಸಭೆಗೆ ಹೋದ ಕಾಲದ ಮಾತು ತೆಗೆದರೆ, ನನ್ನದು ಎರಡು ಬ್ಲೌಸಿನ ತೋಳು ಹೊಲಿದು ಮುಗಿಯುತ್ತೆ, ಅವರ ಮಾತು ಮುಗಿಯಲ್ಲ. ಅವರ ಗೋಡೆಗೆ ಅಂಟಿಕೊಂಡ ಮನೆ ಮೇಷ್ಟ್ರದು. ಹೈಸ್ಕೂಲಿನಿಂದ ರಿಟೈರ್ ಆದವರು. ಇಬ್ಬರದೂ ಮೂವತ್ತು ವರ್ಷದ ಒಡನಾಟ. ಮೇಷ್ಟ್ರು ಪುಣೆಗೆ ಮಗನ ಮನೆಗೆ ಹೋದರೆ ಮನೆ ಕೀಲಿ ಅಜ್ಜನ ಹತ್ತಿರ. ಗಿಡಕ್ಕೆ ನೀರು ಹಾಕೋದು, ಸಂಜೆ ಗೇಟಿನ ಲೈಟ್ ಹಚ್ಚೋದು ಅಜ್ಜನೇ.

ಹೋದ ತಿಂಗಳು ಒಂದು ಸಂಜೆ ಅಜ್ಜ ಮಂಡಕ್ಕಿ ಮೆಣಸಿನಕಾಯಿ ತರಲು ಹೋಗಿದ್ದರು. ರೇಟು ಏರಿತ್ತು. ಬಂದವರೇ ಗ್ರೂಪಿನಲ್ಲಿ ಮಾತಾಡಿ ಹಾಕಿದರು: ‘ಮಂಡಕ್ಕಿಗೂ ಜಿಎಸ್‌ಟಿ ಹಾಕಿದ್ರು. ಬಡವರು ತಿನ್ನೋ ಮಂಡಕ್ಕಿ ಮೇಲೂ ದಿಲ್ಲಿಯವರ ಕಣ್ಣು ಬಿತ್ತಾ?’ ಎರಡೇ ನಿಮಿಷಕ್ಕೆ ಮೇಷ್ಟ್ರು ಉತ್ತರ: ‘ದಿಲ್ಲಿಯವರಲ್ಲ, ಬೆಂಗಳೂರಿನವರು. ಗ್ಯಾರಂಟಿಗೆ ದುಡ್ಡು ಎಲ್ಲಿಂದ ಬರಬೇಕು?’ ಅಲ್ಲಿಂದ ಎರಡೂ ಕಡೆ ಜನ ಸೇರಿದರು. ಮಂಡಕ್ಕಿ ಎಲ್ಲೋ ಹೋಯಿತು, ಪಾಕಿಸ್ತಾನ ಬಂತು. ಹತ್ತು ಗಂಟೆಗೆ ನಾನು ಕೂತು ಒಂದೊಂದೇ ಮೆಸೇಜ್ ಡಿಲೀಟ್ ಮಾಡಿದೆ.

ಮಾರನೇ ದಿನ ಡಿಗ್ರಿ ಓದುವ ಒಂದು ಹುಡುಗಿ ಕೇಳಿದಳು, ‘ಚಿತ್ರದುರ್ಗದ ಮೇಲೆ ಬೆಂಗಳೂರಿಗೆ ಸೀದಾ ರೈಲು ಬರುತ್ತೆ ಅಂತ ನಾನು ಚಿಕ್ಕವಳಿದ್ದಾಗಿಂದ ಕೇಳ್ತಿದೀನಿ, ಎಲ್ಲಿಗೆ ಬಂತು?’ ಅಂತ. ಮತ್ತೆ ಕಿಡಿ ಹತ್ತುತ್ತೆ ಅಂತ ಹೆದರಿ ಅದನ್ನೂ ತೆಗೆದೆ.

ಸಂಜೆ ಅವಳು ಬ್ಲೌಸ್ ಒಯ್ಯಲು ಬಂದಳು. ದುಡ್ಡು ಕೊಟ್ಟು, ಚಪ್ಪಲಿ ಮೆಟ್ಟಿಕೊಳ್ಳುತ್ತಾ ಕೇಳಿದಳು: ‘ಅಕ್ಕಾ, ನಂದು ತೆಗೆದ್ರಿ, ಸರಿ. ಮೇಷ್ಟ್ರು ದಿನಾ ಬೆಳಿಗ್ಗೆ ದೊಡ್ಡ ನಾಯಕರ ಫೋಟೊ ಹಾಕ್ತಾರಲ್ಲ, ಅದು ರಾಜಕೀಯ ಅಲ್ವಾ?’

ನನಗೆ ಉತ್ತರ ಹೊಳೆಯಲಿಲ್ಲ. ನಿಜ ಹೇಳಬೇಕೆಂದರೆ ಅದನ್ನು ನಾನು ಶುಭೋದಯದ ಲೆಕ್ಕಕ್ಕೆ ಹಾಕಿದ್ದೆ. ಮೇಷ್ಟ್ರು ನನ್ನ ಮಗನಿಗೆ ಪಾಠ ಹೇಳಿಕೊಟ್ಟವರು, ಅವರದನ್ನು ಹೇಗೆ ತೆಗೆಯೋದು ಅನ್ನೋ ಸಂಕೋಚವೂ ಇತ್ತು.

ಈಗ ಮೇಷ್ಟ್ರು ಅಜ್ಜ ಮಾತಿಲ್ಲ. ಈ ಸಲ ಪುಣೆಗೆ ಹೊರಟಾಗ ಕೀಲಿ ತಂದು ನನ್ನ ಮಿಷನ್ನಿನ ಮೇಲೆ ಇಟ್ಟು ಹೋದರು. ನೀರಿನ ವಿಷಯ ಬಂದರೆ ಕಾರ್ಪೊರೇಷನ್ ಬರುತ್ತೆ, ರೈಲಿನದು ಬಂದರೆ ದಿಲ್ಲಿ ಬರುತ್ತೆ. ಹಾಗಾದರೆ ಯಾವುದು ರಾಜಕೀಯ, ಯಾವುದಲ್ಲ? ನಿಮ್ಮ ಕಡೆ ಹೇಗೆ ನಡೆಸ್ತೀರಿ?

ಖಾತೆ ಕಿರ್ದಿ (ಪಿ.ಬಿ. ರಸ್ತೆ, ದಾವಣಗೆರೆ):

ಅಕ್ಕಾ, ನಾನು ಅಂಗಡಿಗಳ ಜಿಎಸ್‌ಟಿ ಲೆಕ್ಕ ಬರೆಯುವವನು. ಮೊದಲು ಮಂಡಕ್ಕಿಯ ವಿಷಯ. ಅಜ್ಜ, ಮೇಷ್ಟ್ರು ಇಬ್ಬರದೂ ಅರ್ಧ ಸರಿ.

2022ರ ಜುಲೈ 18ರಿಂದ ಪ್ಯಾಕ್ ಮಾಡಿ ಲೇಬಲ್ ಹಚ್ಚಿದ ಅಕ್ಕಿ, ಹಿಟ್ಟು, ಬೇಳೆ, ಮೊಸರು, ಮಂಡಕ್ಕಿ ಇವಕ್ಕೆಲ್ಲ ಶೇ. 5 ತೆರಿಗೆ ಬಂತು. ಬಿಡಿಯಾಗಿ ಅಳೆದು ಕೊಡುವ ಮಂಡಕ್ಕಿಗೆ ಇಲ್ಲ. ಅಕ್ಕಿ, ಹಿಟ್ಟು, ಬೇಳೆಯಂಥವು 25 ಕೆ.ಜಿ.ಗಿಂತ ದೊಡ್ಡ ಪ್ಯಾಕಿನಲ್ಲಿ ಬಂದರೂ ಇಲ್ಲ. ಅಜ್ಜ ಗಾಡಿಯವರಿಂದ ತಂದ ಮಂಡಕ್ಕಿ ಭಟ್ಟಿಯಿಂದ ಚೀಲದಲ್ಲಿ ಬಿಡಿಯಾಗಿ ಬಂದದ್ದೇ ಆಗಿದ್ದರೆ, ಅದಕ್ಕೆ ಈ ತೆರಿಗೆ ತಾಕೋದೇ ಇಲ್ಲ. ಭತ್ತ, ಎಣ್ಣೆ, ಗ್ಯಾಸು, ಕೂಲಿ, ಯಾವುದು ಏರಿತ್ತು ಅಂತ ಗಾಡಿಯವರನ್ನೇ ಕೇಳಬೇಕು. ಆ ಹತ್ತಾರು ಮೆಸೇಜಿನಲ್ಲಿ ಒಬ್ಬರೂ ಅವರನ್ನು ಕೇಳಿರಲಿಕ್ಕಿಲ್ಲ ಅಲ್ವಾ?

ಇನ್ನು ಹಾಕಿದ್ದು ಯಾರು ಅನ್ನೋದು. 2022ರ ಜೂನ್ ಕೊನೆಗೆ ಚಂಡೀಗಢದಲ್ಲಿ ಜಿಎಸ್‌ಟಿ ಕೌನ್ಸಿಲ್ಲಿನ 47ನೇ ಸಭೆ ನಡೆದಾಗ ತೀರ್ಮಾನ ಆದದ್ದು. ಕೇಂದ್ರದ ಹಣಕಾಸು ಮಂತ್ರಿ ಅದರ ಅಧ್ಯಕ್ಷರು, ಎಲ್ಲಾ ರಾಜ್ಯಗಳ ಮಂತ್ರಿಗಳು ಸದಸ್ಯರು. ವೋಟಿಗೆ ಹಾಕಿದರೆ ಕೇಂದ್ರದ ತೂಕ ಮೂರರಲ್ಲಿ ಒಂದು ಪಾಲು, ರಾಜ್ಯಗಳದು ಎರಡು ಪಾಲು. ಪಾಸಾಗಲು ನಾಲ್ಕರಲ್ಲಿ ಮೂರು ಪಾಲು ಬೇಕು. ಕೇಂದ್ರ ಒಂದೇ ಹಾಕಲು ಆಗಲ್ಲ, ರಾಜ್ಯಗಳೇ ಸೇರಿ ತಡೆಯಬಹುದು. ತಮಾಷೆ ಕೇಳಿ: ಈ ಶಿಫಾರಸು ಕೊಟ್ಟ ಮಂತ್ರಿಗಳ ಗುಂಪಿಗೆ ಮುಖ್ಯಸ್ಥರಾಗಿದ್ದವರು ಆಗ ನಮ್ಮ ಮುಖ್ಯಮಂತ್ರಿ ಆಗಿದ್ದ ಬಸವರಾಜ ಬೊಮ್ಮಾಯಿ. ಅದೇ ಗುಂಪಿನಲ್ಲಿ ಕೇರಳ, ಪಶ್ಚಿಮ ಬಂಗಾಳದ ಮಂತ್ರಿಗಳೂ ಇದ್ದರು. ಗ್ಯಾರಂಟಿ ಯೋಜನೆಗಳು ಬಂದದ್ದು ಅದರ ಮುಂದಿನ ವರ್ಷ. ಹಾಗಾಗಿ ಮೇಷ್ಟ್ರ ಲೆಕ್ಕವೂ ತಾಳೆ ಆಗಲ್ಲ.

ನೀವು ಡಿಲೀಟ್ ಮಾಡದೆ ಇದ್ದಿದ್ದರೆ ಯಾರೋ ಒಬ್ಬರು ಇದನ್ನು ಅಲ್ಲೇ ಹೇಳಿರೋರು. ನಿಮ್ಮ ಕ್ರಾಸಿನಲ್ಲೂ ನನ್ನಂಥವರು ಒಬ್ಬರು ಇರ್ತಾರೆ.

ಸುಮ್ನಿರಪ್ಪ:

ಗ್ರೂಪು ಮ್ಯೂಟ್ ಮಾಡಿ, ಬೆಣ್ಣೆ ದೋಸೆ ತಿಂದು ಮಲಗಿ. ನಾನು ಅದನ್ನೇ ಮಾಡೋದು.

ಜಗಳೂರು ಹೊಲ:

ಮೇಡಂ, ಸ್ವಲ್ಪ ಖಾರ ಆಗಬಹುದು, ಬೇಜಾರಾಗಬೇಡಿ. ‘ರಾಜಕೀಯ ಬೇಡ’ ಅನ್ನೋದು ನಲ್ಲಿ ನೀರು ಇರುವವರ ಮಾತು.

2023ರ ಫೆಬ್ರುವರಿ 1ರಂದು ನಮ್ಮೂರ ಹೋಟೆಲಿನಲ್ಲಿ ಟಿವಿ ಮುಂದೆ ನಿಂತಿದ್ದೆ. ಕೇಂದ್ರ ಬಜೆಟ್‌ನಲ್ಲಿ ಭದ್ರಾ ಮೇಲ್ದಂಡೆಗೆ 5,300 ಕೋಟಿ ಅಂದರು. ಯಾರೋ ಎಲ್ಲರಿಗೂ ಚಾ ಹೇಳಿದರು. ಚಿಕ್ಕಮಗಳೂರು, ಚಿತ್ರದುರ್ಗ, ತುಮಕೂರು, ದಾವಣಗೆರೆ ನಾಲ್ಕು ಜಿಲ್ಲೆಯ ಬರದ ತಾಲ್ಲೂಕುಗಳಿಗೆ, 2,25,515 ಹೆಕ್ಟೇರಿಗೆ ನೀರು ಕೊಡುವ ಯೋಜನೆ ಅದು. ನಮ್ಮ ತಾಲ್ಲೂಕೂ ಅದರಲ್ಲಿದೆ. ಮೂರೇ ತಿಂಗಳಿಗೆ ಎಲೆಕ್ಷನ್. ಆಮೇಲೆ ‘ದುಡ್ಡು ಬಂದಿಲ್ಲ’ ಅಂತ ರಾಜ್ಯ ಸರ್ಕಾರ ಹೇಳುತ್ತಲೇ ಬಂತು. ನಮ್ಮ ಊರಿನ ಗ್ರೂಪಿನಲ್ಲಿ ಇದನ್ನು ಮಾತಾಡಬೇಡಿ ಅಂದರೆ ಇನ್ನೇನು ಮಾತಾಡಲಿ, ಸೀರೆ ಸೇಲಾ?

ಇನ್ನೊಂದು ಮಾತು. 2025ರಲ್ಲಿ ಭದ್ರಾ ಬಲದಂಡೆ ನಾಲೆ ಸೀಳಿ ಬೇರೆ ತಾಲ್ಲೂಕುಗಳಿಗೆ ಕುಡಿಯುವ ನೀರು ಒಯ್ಯುವ ಕಾಮಗಾರಿ ಬೇಡ ಅಂತ ನಿಮ್ಮ ದಾವಣಗೆರೆ ಕಡೆಯ ಅಚ್ಚುಕಟ್ಟಿನ ರೈತರು ಬೀದಿಗಿಳಿದರು. ಕೊನೇ ಭಾಗಕ್ಕೆ ನೀರು ಮುಟ್ಟಲ್ಲ ಅನ್ನೋ ಭಯ ಅವರದು, ಅದೂ ಸುಳ್ಳಲ್ಲ. ನನ್ನ ಅಕ್ಕನನ್ನು ಕೊಟ್ಟಿರುವುದು ಭದ್ರಾ ನಾಲೆಯ ಊರಿಗೇ. ಭಾವ ಭತ್ತ ಬೆಳೀತಾರೆ, ನಾನು ಮೆಕ್ಕೆಜೋಳ ಬಿತ್ತಿ ಮೋಡ ನೋಡ್ತೀನಿ. ಹಬ್ಬಕ್ಕೆ ಹೋದಾಗ ಇಬ್ಬರೂ ಊಟಕ್ಕೆ ಮುಂಚೆ ಜಗಳ ಮುಗಿಸ್ತೀವಿ. ಊಟ ಆದ ಮೇಲೆ ಅಕ್ಕ ಬಿಡಲ್ಲ.

ನಿಟುವಳ್ಳಿ ಟೈಲರ್:

ಜಗಳೂರಿನ ಅಣ್ಣಾ, ಬೇಜಾರಿಲ್ಲ. ನಲ್ಲಿ ನೀರು ನಮಗೂ ದಿನಾ ಬರಲ್ಲ, ಆದರೂ ನಿಮ್ಮ ಮಾತು ತಟ್ಟಿತು. ಖಾತೆ ಕಿರ್ದಿಯವರೇ, ನೀವು ಬರೆದದ್ದನ್ನು ಅಜ್ಜನಿಗೆ ಓದಿ ಹೇಳಿದೆ. ‘ಹಂಗಾದ್ರೆ ಬಿಡಿ ಮಂಡಕ್ಕಿಗೆ ಇಲ್ವಾ?’ ಅಂತ ಎರಡು ಸಲ ಕೇಳಿದರು. ಆಮೇಲೆ ‘ಆ ಗಾಡಿಯವನು ನನ್ನ ಹತ್ರ ಜಿಎಸ್‌ಟಿ ಅಂದಿದ್ದ’ ಅಂದರು. ನೋಡಿ, ದಿಲ್ಲಿ, ಬೆಂಗಳೂರು ಅಂತ ಕಿತ್ತಾಡಿದ್ದು ಗಾಡಿಯ ಹತ್ತಿರ ಹುಟ್ಟಿದ ಒಂದು ಮಾತಿಗೆ.

ದುರ್ಗದ ಸೀಸನ್ ಟಿಕೆಟ್:

ಆ ಹುಡುಗಿಗೆ ಹೇಳಿ, ತುಮಕೂರು–ಚಿತ್ರದುರ್ಗ–ದಾವಣಗೆರೆ ಹೊಸ ಮಾರ್ಗ 2011-12ರ ರೈಲ್ವೆ ಬಜೆಟ್‌ನಲ್ಲಿ ಸೇರಿತು. ಖರ್ಚಿನಲ್ಲಿ ಅರ್ಧ ರಾಜ್ಯದ್ದು, ಜಮೀನು ಕೊಡಿಸೋದೂ ರಾಜ್ಯದ್ದೇ. ಹಳಿ ಹಾಕೋದು ರೈಲ್ವೆ. ಇವರು ಜಮೀನು ಕೊಟ್ಟಿಲ್ಲ ಅಂತ ಅವರು, ಅವರು ದುಡ್ಡು ಬಿಟ್ಟಿಲ್ಲ ಅಂತ ಇವರು. ಮಂಜೂರಾದಾಗ ದಿಲ್ಲಿಯಲ್ಲಿ ಕಾಂಗ್ರೆಸ್ಸಿನ ಕೂಟ, ಬೆಂಗಳೂರಿನಲ್ಲಿ ಬಿಜೆಪಿ. ಈಗ ತಿರುಗುಮುರುಗು. ದಾವಣಗೆರೆಯಿಂದ ಬೆಂಗಳೂರಿಗೆ ಹೊರಟ ರೈಲು ಇವತ್ತಿಗೂ ಬೀರೂರು, ಅರಸೀಕೆರೆ ಸುತ್ತಿಕೊಂಡೇ ತುಮಕೂರು ಸೇರುತ್ತೆ. ನಮ್ಮ ದುರ್ಗಕ್ಕೆ ರೈಲ್ವೆ ಸ್ಟೇಷನ್ ಇದೆ. ಅದು ಚಿಕ್ಕಜಾಜೂರು–ಬಳ್ಳಾರಿ ಲೈನು. ಬೆಂಗಳೂರಿಗೆ ಅಂದರೆ ನಾವು ಹೈವೇಗೆ ಹೋಗಿ ಬಸ್ಸಿಗೆ ಕೈ ತೋರಿಸೋದೇ.

ಆ ಹುಡುಗಿಯ ಪ್ರಶ್ನೆ ತೆಗೆದದ್ದು ಮಾತ್ರ ನನಗೆ ಸರಿ ಕಾಣಲಿಲ್ಲ. ಅವಳು ಯಾರ ಹೆಸರನ್ನೂ ಎತ್ತಿರಲಿಲ್ಲ.

ಹರಿಹರದ ಇನ್ನೊಬ್ಬ ಅಡ್ಮಿನ್:

ನಮ್ಮಲ್ಲೂ ಇದೇ ಕಥೆ. ‘ರಾಜಕೀಯ ಬೇಡ’ ತೆಗೆದು ‘ಫಾರ್ವರ್ಡ್ ಬೇಡ’ ಅಂತ ಮಾಡಿದೆವು. ಏನು ಬೇಕಾದರೂ ಹೇಳಿ, ಆದರೆ ನಿಮ್ಮ ಕೈಯಾರೆ ಬರೆಯಿರಿ, ನಿಮ್ಮ ಮನೆಗೆ ತಟ್ಟಿದ್ದು ಹೇಳಿ. ಮುಕ್ಕಾಲು ಪಾಲು ಗಲಾಟೆ ಅಲ್ಲೇ ನಿಂತಿತು. ಜನಕ್ಕೆ ಸಿಟ್ಟು ಇರುತ್ತೆ, ಟೈಪ್ ಮಾಡೋ ತಾಳ್ಮೆ ಇರಲ್ಲ. ಒಂದೇ ಷರತ್ತು: ಫೋಟೊಗಳೂ ಫಾರ್ವರ್ಡೇ. ನಿಮ್ಮ ಮೇಷ್ಟ್ರಿಗೆ ಹೇಳುವ ಧೈರ್ಯ ಇದ್ದರೆ ಮಾತ್ರ ಈ ನಿಯಮ ತನ್ನಿ. ಇಲ್ಲದಿದ್ದರೆ ಆ ಹುಡುಗಿ ಮತ್ತೆ ಬಂದು ಕೇಳ್ತಾಳೆ.

ನಿಟುವಳ್ಳಿ ಟೈಲರ್:

ಹದಿನೈದು ದಿನ ಆಯಿತು, ಏನಾಯಿತು ಅಂತ ಹೇಳಿಬಿಡ್ತೀನಿ.

ಹರಿಹರದವರ ನಿಯಮ ತಂದೆ. ಮೊದಲು ಮೇಷ್ಟ್ರಿಗೆ ಪುಣೆಗೆ ಫೋನ್ ಮಾಡಿದೆ. ನಾಲ್ಕು ಸಲ ನಂಬರ್ ತೆಗೆದು ನಾಲ್ಕು ಸಲ ಇಟ್ಟೆ. ‘ಸಾರ್, ಬೆಳಗಿನ ಫೋಟೊ ಬೇಡ’ ಅಂದೆ. ‘ಅದು ರಾಜಕೀಯ ಅಲ್ಲಮ್ಮ, ದೇಶಾಭಿಮಾನ’ ಅಂದರು. ‘ಅಜ್ಜನೂ ತಾನು ಹೇಳಿದ್ದು ರಾಜಕೀಯ ಅಲ್ಲ, ಹೊಟ್ಟೆಪಾಡು ಅಂತಾರೆ ಸಾರ್’ ಅಂದೆ. ಆ ಕಡೆ ಸದ್ದೇ ಇಲ್ಲ. ಲೈನ್ ಕಟ್ ಆಯಿತು ಅಂದುಕೊಂಡೆ. ಆಮೇಲೆ ‘ಆಯ್ತು’ ಅಂದರು. ಎರಡು ದಿನ ಏನೂ ಬರಲಿಲ್ಲ. ಮೂರನೇ ದಿನದಿಂದ ಗುಲಾಬಿ ಹೂವು ಬರ್ತಿದೆ. ಅದೂ ಫಾರ್ವರ್ಡೇ, ನನಗೆ ಗೊತ್ತು. ಹೂವಿಗೆ ಬಿಟ್ಟುಕೊಟ್ಟಿದೀನಿ, ಬೈಬೇಡಿ.

ಅಜ್ಜನಿಗೆ ಟೈಪ್ ಮಾಡಲು ಬರಲ್ಲ. ಕಣ್ಣೂ ಮಂಜು. ಅದಕ್ಕೆ ಏಳು ನಿಮಿಷದ ಒಂದು ವಾಯ್ಸ್ ಮೆಸೇಜ್ ಹಾಕಿದರು. ಮಿಲ್ಲಿನ ಸೈರನ್ನಿನಿಂದ ಶುರುವಾಗಿ ಜಿಎಸ್‌ಟಿ ಕೌನ್ಸಿಲ್‌ವರೆಗೆ ಬಂತು. ಮೂರರಲ್ಲಿ ಒಂದು ಪಾಲು, ಎರಡು ಪಾಲು ಅನ್ನೋದನ್ನು ನನಗಿಂತ ಚೆನ್ನಾಗಿ ಹೇಳಿದರು. ಬಿಡಿ ಮಂಡಕ್ಕಿಗೆ ತೆರಿಗೆ ಇಲ್ಲ, ನಾನು ಹೇಳಿದ್ದು ತಪ್ಪು ಅಂತಲೂ ಹೇಳಿದರು. ಆದರೆ ಅದು ಆರನೇ ನಿಮಿಷದಲ್ಲಿತ್ತು. ಅಲ್ಲಿವರೆಗೆ ಎಷ್ಟು ಜನ ಕೇಳಿದರೋ ಗೊತ್ತಿಲ್ಲ.

ಹುಡುಗಿಯ ರೈಲಿನ ಪ್ರಶ್ನೆಯನ್ನು ನಾನೇ ಮತ್ತೆ ಹಾಕಿದೆ, ಅವಳ ಹೆಸರಿನಲ್ಲೇ. ದುರ್ಗದವರು ಬರೆದದ್ದನ್ನೂ ನನ್ನ ಕೈಯಾರೆ ಟೈಪ್ ಮಾಡಿದೆ, ಯಾಕೆಂದರೆ ನಿಯಮ ನನಗೂ ಇದೆಯಲ್ಲ. ಒಂದೂವರೆ ಗಂಟೆ ಹಿಡಿಯಿತು, ಒಬ್ಬರ ಬ್ಲೌಸ್ ತಡವಾಯಿತು. ಜಗಳ ಆಯಿತಾ ಅಂದರೆ ಆಯಿತು, ಸಣ್ಣದು. ಜಮೀನು ಮೊದಲಾ, ದುಡ್ಡು ಮೊದಲಾ ಅಂತ. ನಾನು ಏನೂ ತೆಗೆಯಲಿಲ್ಲ. ಒಂಬತ್ತೂವರೆಗೆ ಯಾರೋ ‘ನೀರು ಬಂತು’ ಅಂದರು, ಎಲ್ಲರೂ ಮೋಟರ್ ಹಾಕಲು ಎದ್ದರು.

ಕೀಲಿ ಮೊನ್ನೆಯವರೆಗೂ ನನ್ನ ಹತ್ತಿರವೇ ಇತ್ತು. ಸಂಜೆ ಅಜ್ಜ ಬಂದು ಬಾಗಿಲಲ್ಲಿ ನಿಂತರು. ‘ನೀನು ಹೊಲಿಗೇಲಿ ಗಿಡ ಮರೀತೀಯ. ಗೋಡೆ ಮೇಲಿಂದ ನೋಡಿದೆ, ದಾಸವಾಳ ಬಾಡಿದೆ’ ಅಂತ ಕೈ ಚಾಚಿದರು. ಕೊಟ್ಟೆ. ಮೇಷ್ಟ್ರಿಗೆ ಇನ್ನೂ ಹೇಳಿಲ್ಲ.