ಸಹಾಯ ಬೇಕು: ತೆಳು ಬಟ್ಟೆಯ ಅಡಿಯಲ್ಲಿ ದಾರ ಸುತ್ತಿಕೊಳ್ಳುತ್ತಿದೆ
ನಮಸ್ಕಾರ. ಬಹಳ ವರ್ಷಗಳ ನಂತರ ಮತ್ತೆ ಹೊಲಿಗೆಗೆ ಕುಳಿತಿದ್ದೇನೆ. ಸೆಕೆಂಡ್ ಹ್ಯಾಂಡ್ ತುಳಿಯುವ ಯಂತ್ರವೊಂದು ಸಿಕ್ಕಿದೆ. ಬಟ್ಟೆಯನ್ನು ಮುಂದಕ್ಕೆ ತಳ್ಳುವ ಹಲ್ಲುಗಳ ನಡುವೆ ಗಟ್ಟಿಯಾಗಿ ಕುಳಿತಿದ್ದ ನೂಲಿನ ಧೂಳು ತೆಗೆದು ಎಣ್ಣೆ ಬಿಟ್ಟ ಮೇಲೆ ಚಕ್ರ ಹಗುರವಾಗಿ ತಿರುಗುತ್ತಿದೆ. ಆ ಸದ್ದು ಕೇಳಿದರೇ ಖುಷಿ!

ದಪ್ಪ ಹತ್ತಿ ಬಟ್ಟೆಯಲ್ಲಿ ಹೊಲಿಗೆ ಅಚ್ಚುಕಟ್ಟಾಗಿ ಬರುತ್ತದೆ. ತೆಳು ಬಟ್ಟೆ ಇಟ್ಟರೆ ಮಾತ್ರ ಅಡಿಯಲ್ಲಿ ದಾರ ಕುಣಿಕೆ ಕುಣಿಕೆಯಾಗಿ ಸುತ್ತಿಕೊಳ್ಳುತ್ತದೆ. ಮೇಲಿನ ದಾರ ಸಡಿಲವಿದ್ದರೆ ಹೀಗಾಗುತ್ತದೆಂದು ಗೊತ್ತು. ಹಾಗಾಗಿ ಬಟ್ಟೆಯನ್ನು ಒತ್ತಿ ಹಿಡಿಯುವ ಯಂತ್ರದ ಪಾದ ಎತ್ತಿ ದಾರವನ್ನು ಮತ್ತೆ ಪೋಣಿಸಿ, ಮೇಲಿನ ದಾರದ ಟೆನ್ಷನ್ (ಬಿಗಿತ) ಹೆಚ್ಚಿಸಿ ನೋಡಿದೆ. ಈಗ ದಾರವೇ ತುಂಡಾಗುತ್ತಿದೆ.

ಸೂಜಿ 16ನೇ ನಂಬರಿನದು. ಅದಕ್ಕಿಂತ ತೆಳುವಾದ 11 ಹಾಕಿದರೆ ಸಾಕೇ, ಅಥವಾ ಬಾಬಿನ್ ಕೇಸಿನ (ಅಡಿ ದಾರದ ಉರುಳೆ ಕೂರುವ ಡಬ್ಬಿಯ) ಸಣ್ಣ ಸ್ಕ್ರೂವನ್ನೂ ತಿರುಗಿಸಬೇಕೇ? ಅದನ್ನು ಮುಟ್ಟಲು ಮನಸ್ಸು ಒಪ್ಪುತ್ತಿಲ್ಲ. ಮಗುವಿಗೆ ಮೆತ್ತನೆಯ ಅಂಗಿ ಹೊಲಿಯುವ ಆಸೆ. ಅನುಭವವಿರುವವರು ದಯವಿಟ್ಟು ತಿಳಿಸಿ.